ಬಾಲದ ಮೇಲೆ ನಿಂತ ಮೀನಿಗೆ ಯಾವ ಕಾಕ್‌ಟೇಲ್?

ಪ್ರಶ್ನೆ: ಹಳೆ ಸಾಮಾನು ಮಾರುವ ಅಂಗಡಿಯಲ್ಲಿ ನನಗೊಂದು ವಿಚಿತ್ರ ಗ್ಲಾಸ್ ಸಿಕ್ಕಿತು. ಇದ್ದದ್ದೇ ಒಂದು, ಜೋಡಿಯಿಲ್ಲ. ಬಾಲದ ಮೇಲೆ ನೆಟ್ಟಗೆ ನಿಂತ ಮೀನು. ಬಾಯಿ ಮೇಲಕ್ಕೆ ತೆರೆದಿದೆ, ಅಲ್ಲಿಂದಲೇ ಕುಡಿಯಬೇಕು. ಜೇನಿನ ಬಣ್ಣದ ಗಾಜು, ಬಾಯಿಯ ಅಂಚಿಗೆ ಅಲ್ಲಲ್ಲಿ ಸವೆದುಹೋದ ಚಿನ್ನದ ಗೆರೆ. ಅಂಚಿನವರೆಗೆ ತುಂಬಿದರೆ 140 ಮಿ.ಲೀ. ಹಿಡಿಯುತ್ತದೆ. ಬಾಲವೂ ಒಳಗೆ ಟೊಳ್ಳು, ಆದರೆ ಕಿರುಬೆರಳು ಹೋಗದಷ್ಟು ಕಿರಿದು. ಈ ಗ್ಲಾಸಿಗೆಂದೇ ಒಂದು ಕಾಕ್‌ಟೇಲ್ ಮಾಡಬೇಕೆಂಬ ಆಸೆ. ಮೀನು ಅಂದಮೇಲೆ ಸಮುದ್ರ ಎಂದುಕೊಂಡು ವೋಡ್ಕಾ, ಬ್ಲೂ ಕ್ಯುರಸಾವೊ (ಕಿತ್ತಳೆ ಸಿಪ್ಪೆಯ ರುಚಿಯ ನೀಲಿ ಸಿಹಿಮದ್ಯ), ಅನಾನಸ್ ರಸ ಸೇರಿಸಿ ಮಾಡಿದೆ. ನೋಡಲು ಪಾಚಿಗಟ್ಟಿದ ಕೊಳದ ನೀರಿನ ಹಾಗಿತ್ತು, ರುಚಿಯೂ ಅಷ್ಟಕ್ಕಷ್ಟೆ. ಎಲ್ಲಿ ತಪ್ಪಿದೆ? ಅಂದಹಾಗೆ, ಇಂಥ ಹಳೆಯ ಗ್ಲಾಸಿನಲ್ಲಿ ಕುಡಿಯುವುದರಿಂದ ತೊಂದರೆಯೇನೂ ಇಲ್ಲವಲ್ಲ?

ಉತ್ತರ: ನೀವು ಮೀನಿಗೆ ಪಾನೀಯ ಮಾಡಿದಿರಿ, ಗ್ಲಾಸಿಗೆ ಮಾಡಲಿಲ್ಲ. ಮೀನಿನಿಂದ ಸಮುದ್ರ, ಸಮುದ್ರದಿಂದ ನೀಲಿ, ನೀಲಿಯಿಂದ ಬ್ಲೂ ಕ್ಯುರಸಾವೊ ಎಂದು ಮಾತಿಗೆ ಮಾತು ಪೋಣಿಸುತ್ತ ಹೋದರೆ ಒಳ್ಳೆಯ ಹೆಸರು ಸಿಗಬಹುದು, ರುಚಿ ಸಿಗುವುದಿಲ್ಲ. ವಿಚಿತ್ರ ಗ್ಲಾಸು ಕೈಗೆ ಬಂದ ಎಲ್ಲರೂ ಮೊದಲು ಜಾರುವುದು ಇಲ್ಲೇ. ನಾನೂ ಜಾರಿದವನೇ. ಒಮ್ಮೆ ಎಲೆಯ ಆಕಾರದ ದಟ್ಟ ಹಸಿರು ಬಟ್ಟಲು ಸಿಕ್ಕಾಗ, ಎಲೆಯ ನಡುವೆ ಹೂವು ಕಾಣಲಿ ಎಂದು ಕಡುಗೆಂಪು ಪಾನೀಯ ಸುರಿದೆ. ಮೇಜಿಗೆ ಬಂದದ್ದು ಕಪ್ಪು ಕಷಾಯ. ಹಸಿರು ಗಾಜು ಕೆಂಪನ್ನು ನುಂಗುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹೂವಿನ ಕಲ್ಪನೆಯಲ್ಲಿ ಮರೆತಿದ್ದೆ.

ಆದ್ದರಿಂದ ಮೀನನ್ನು ಸ್ವಲ್ಪ ಹೊತ್ತು ಮರೆಯಿರಿ. ಈ ಗ್ಲಾಸು ಎಷ್ಟು ಹಿಡಿಯುತ್ತದೆ, ತುಟಿಗೆ ಎಲ್ಲಿ ತಾಗುತ್ತದೆ, ಎಷ್ಟು ಭಾರ, ಬೆಳಕನ್ನು ಏನು ಮಾಡುತ್ತದೆ, ಒಳಗಿನ ದ್ರವ ಯಾವ ದಾರಿಯಿಂದ ಹೊರಬರುತ್ತದೆ, ಇಷ್ಟು ನೋಡಿ. ಪಾನೀಯ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಇದು ಹೊಸ ಮಾತೂ ಅಲ್ಲ. 1850ರ ದಶಕದ ಸುಮಾರಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಬ್ರಾಂಡಿ ಕ್ರಸ್ಟಾ ಎಂಬ ಪಾನೀಯವನ್ನೇ ನೋಡಿ: ಸಣ್ಣ ವೈನ್ ಗ್ಲಾಸು, ಅಂಚಿಗೆ ಸಕ್ಕರೆ, ಒಳಗೋಡೆಗೆ ಸುತ್ತಿಕೊಂಡ ಅಗಲವಾದ ನಿಂಬೆ ಸಿಪ್ಪೆ. ಆ ಸಿಪ್ಪೆ ಹಿಡಿಯುವ ಗ್ಲಾಸು ಇಲ್ಲದಿದ್ದರೆ ಅದು ಕ್ರಸ್ಟಾ ಅಲ್ಲವೇ ಅಲ್ಲ. 1940ರ ದಶಕದ ಅಮೆರಿಕದಲ್ಲಿ ವೋಡ್ಕಾವನ್ನು ಮನೆಮಾತಾಗಿಸಿದ ಮಾಸ್ಕೋ ಮ್ಯೂಲ್‌ನಲ್ಲಂತೂ ಜನರ ನೆನಪಿನಲ್ಲಿ ಉಳಿದದ್ದು ತಾಮ್ರದ ಮಗ್ಗು. ಒಳಗಿದ್ದ ಶುಂಠಿ ಬಿಯರ್ ಆಮೇಲಿನದು.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಅದರ ಉತ್ತರವೇ ಮುಂದೆ ಪಾಕವಿಧಾನವನ್ನೂ ಬದಲಿಸುತ್ತದೆ, ನೋಡುತ್ತಿರಿ.

ಹಳೆಯ ಗ್ಲಾಸಿನಲ್ಲಿ ಭಯಪಡಬೇಕಾದ್ದು ಮುಖ್ಯವಾಗಿ ಸೀಸ, ಅದರ ಹಿಂದೆ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ. ಸೀಸ ಎರಡು ಕಡೆ ಇರಬಹುದು, ಗಾಜಿನ ಮೈಯಲ್ಲಿ ಅಥವಾ ಮೇಲಿನ ಬಣ್ಣದಲ್ಲಿ. ಮೈಯಲ್ಲೇ ಸೀಸವಿದ್ದರೆ ಅದು ಕ್ರಿಸ್ಟಲ್. ಯುರೋಪಿನಲ್ಲಿ ಲೆಡ್ ಕ್ರಿಸ್ಟಲ್ ಎಂದು ಕರೆಸಿಕೊಳ್ಳಲು ಕನಿಷ್ಠ ಶೇ. 24ರಷ್ಟು ಲೆಡ್ ಆಕ್ಸೈಡ್ ಇರಬೇಕೆಂದು 1969ರ ನಿಯಮವೇ ಇದೆ. ಅಂಥ ಗಾಜು ಗಾತ್ರಕ್ಕೆ ಮೀರಿದ ತೂಕ ಇರುತ್ತದೆ, ಉಗುರಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಎಳೆಯುತ್ತದೆ, ಕೊರೆದ ಅಂಚುಗಳಲ್ಲಿ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ. ನಿಮ್ಮ ಮೀನು ಆ ಜಾತಿಯದಲ್ಲ ಎಂದು ನನ್ನ ಊಹೆ. ಬೆನ್ನಿನ ಉದ್ದಕ್ಕೂ, ಹೊಟ್ಟೆಯ ಉದ್ದಕ್ಕೂ ಬೆರಳಾಡಿಸಿ. ಕೂದಲೆಳೆಯಂಥ ಉಬ್ಬುಗೆರೆ ಸಿಕ್ಕರೆ ಅದು ಅಚ್ಚಿನ ಎರಡು ಹೋಳು ಕೂಡಿದ ಜಾಗ. ಅಚ್ಚಿನಲ್ಲಿ ಮಾಡಿದ ಬಣ್ಣದ ಗಾಜು ಹೆಚ್ಚಾಗಿ ಕಿಟಕಿಗೆ, ಬಾಟಲಿಗೆ ಬಳಸುವ ಸಾಮಾನ್ಯ ಸೋಡಾ-ಸುಣ್ಣದ ಗಾಜೇ. ಒಂದು ವೇಳೆ ಕ್ರಿಸ್ಟಲ್ಲೇ ಆಗಿದ್ದರೂ ಅಪಾಯ ಹೆಚ್ಚುವುದು ದ್ರವ ಒಳಗೆ ಬಹುಕಾಲ ಕೂತಾಗ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಲೀಟರಿಗೆ 89 ಮೈಕ್ರೋಗ್ರಾಂ ಸೀಸವಿದ್ದ ಪೋರ್ಟ್ ವೈನ್, ಕ್ರಿಸ್ಟಲ್ ಹೂಜಿಯಲ್ಲಿ ನಾಲ್ಕು ತಿಂಗಳು ಇದ್ದು 3,518 ಮೈಕ್ರೋಗ್ರಾಂಗೆ ಏರಿತ್ತು. ಹದಿನೈದು ನಿಮಿಷದಲ್ಲಿ ಮುಗಿಯುವ ಕಾಕ್‌ಟೇಲಿನ ಮಾತು ಬೇರೆ. ಹೂಜಿಯಲ್ಲಿ ಮದ್ಯ ತುಂಬಿಟ್ಟು ಕಪಾಟಿನಲ್ಲಿ ಮೆರೆಸುವುದು ಮಾತ್ರ ಬೇಡವೇ ಬೇಡ.

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಆ ಚಿನ್ನದ ಗೆರೆಯ ಮೇಲೆ. ಚಿನ್ನ ನಿರುಪದ್ರವಿ. ಆದರೆ ಅಲಂಕಾರದ ಬಣ್ಣವನ್ನೋ ಲೋಹವನ್ನೋ ಗಾಜಿಗೆ ಕಚ್ಚಿಸಲು ಬೇಗ ಕರಗುವ ಗಾಜಿನ ಪುಡಿ ಬೆರೆಸುತ್ತಿದ್ದರು. ಹಳೆಯ ಕಾಲದ ಆ ಪುಡಿಯಲ್ಲಿ ಸೀಸ ಇರುವುದುಂಟು. 2017ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಹೊಸವೂ ಹಳೆಯವೂ ಸೇರಿ 72 ಗ್ಲಾಸುಗಳ ಅಲಂಕಾರವನ್ನು ಪರೀಕ್ಷಿಸಿದರು. ಮಾಡಿದ 197 ಪರೀಕ್ಷೆಗಳಲ್ಲಿ 139ರಲ್ಲಿ ಸೀಸ, 134ರಲ್ಲಿ ಕ್ಯಾಡ್ಮಿಯಂ ಸಿಕ್ಕಿತು. ಹಳೆಯದು ಮಾತ್ರ ಕೆಟ್ಟದ್ದು, ಹೊಸದೆಲ್ಲ ಒಳ್ಳೆಯದು ಎಂದೂ ಇಲ್ಲ: ಅಮೆರಿಕದಲ್ಲಿ 2010ರಲ್ಲಿ ಮಕ್ಕಳ ಸಿನಿಮಾದ ಪಾತ್ರಗಳ ಚಿತ್ರವಿದ್ದ ಸುಮಾರು 1.2 ಕೋಟಿ ಗ್ಲಾಸುಗಳನ್ನು ಬಣ್ಣದಲ್ಲಿನ ಕ್ಯಾಡ್ಮಿಯಂ ಕಾರಣಕ್ಕೆ ಮಾರುಕಟ್ಟೆಯಿಂದ ವಾಪಸ್ ಪಡೆದರು. ಪರೀಕ್ಷಾ ವಿಧಾನಗಳು ಗ್ಲಾಸಿನ ಅಂಚಿನಿಂದ ಕೆಳಗಿನ 20 ಮಿಲಿಮೀಟರನ್ನೇ ಪ್ರತ್ಯೇಕವಾಗಿ ಅಳೆಯುವುದು ಯಾಕೆಂದರೆ ತುಟಿ ತಾಗುವುದು ಅಲ್ಲೇ. ನಿಮ್ಮ ಗೆರೆ ಇರುವುದೂ ಅಲ್ಲೇ, ಸವೆಯುತ್ತಿರುವುದೂ ಅಲ್ಲೇ. ಸವೆದದ್ದು ಎಲ್ಲಿಗೋ ಹೋಗಿರಲೇಬೇಕಲ್ಲ. ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ವರ್ಷಕ್ಕೆರಡು ಸಲ ತುಟಿ ತಾಗಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೂ ನಾನಾಗಿದ್ದರೆ ಸವೆದ ಗೆರೆಗೆ ತುಟಿ ಇಡುವುದಿಲ್ಲ. ಉಜ್ಜಿ ತೆಗೆಯುತ್ತೇನೆ ಎಂದು ಮರಳುಕಾಗದ ಹಿಡಿದು ಕೂರಲೂಬೇಡಿ, ಆ ಪುಡಿ ಮೂಗಿಗೆ ಹೋಗುತ್ತದೆ. ಸ್ಟ್ರಾ ಹಾಕಿ ಕುಡಿಯಿರಿ. ಪಾನೀಯವನ್ನು ಗೆರೆಗೆ ತಾಗದಷ್ಟು ಕೆಳಗೇ ನಿಲ್ಲಿಸಿ. ಗೆರೆ ಒಳಮೈಗೂ ಇಳಿದು ಚಕ್ಕೆ ಏಳುತ್ತಿದ್ದರೆ ಮಾತ್ರ ಮೀನನ್ನು ಕಪಾಟಿನಲ್ಲೇ ಈಜಲು ಬಿಡಿ.

ಉಳಿದ ತಪಾಸಣೆ ಎರಡು ನಿಮಿಷದ್ದು. ಹತ್ತಿಯ ಉಂಡೆಯನ್ನು ಅಂಚಿನ ಸುತ್ತ ಎಳೆಯಿರಿ, ಕಣ್ಣಿಗೆ ಕಾಣದ ಮುಕ್ಕು ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಒಳಗಿನ ಮಬ್ಬು ನೀರಿನ ಸುಣ್ಣದ್ದಾದರೆ ಬಿಳಿ ವಿನೆಗರಿನಲ್ಲಿ ಒಂದೆರಡು ಗಂಟೆ ನೆನೆಸಿದಾಗ ಹೋಗುತ್ತದೆ (ವಿನೆಗರ್ ಗೆರೆ ಮುಟ್ಟದಿರಲಿ). ಹೋಗದಿದ್ದರೆ ಗಾಜಿನ ಮೈಯೇ ಸವೆದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಕಿರಿದಾದ ಬಾಲಕ್ಕೆ ಬ್ರಷ್ ಇಳಿಯದು. ಒಂದು ಚಮಚ ಅಕ್ಕಿ, ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಹಾಕಿ ಗಿರಗಿರ ತಿರುಗಿಸಿ. ಅಕ್ಕಿಕಾಳು ಮೂಲೆಮೂಲೆ ಉಜ್ಜಿಕೊಂಡು ಬರುತ್ತದೆ. ಕುದಿಯುವ ನೀರು ಬೇಡ. ಅಚ್ಚಿನ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಬಿಸಿ ತಾಗಿದಾಗ ಎರಡೂ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲ. ಬಿಸಿ ರಮ್ ಸುರಿದು ಹಳೆಯ ದಪ್ಪ ಗ್ಲಾಸೊಂದನ್ನು ಕೈಯಲ್ಲೇ ಸೀಳಿಸಿಕೊಂಡ ಗುರುತು ನನ್ನ ಹೆಬ್ಬೆರಳಲ್ಲಿ ಇನ್ನೂ ಇದೆ.

ಈಗ ಬಣ್ಣ. ನಿಮ್ಮ ಕೊಳದ ನೀರಿನ ರಹಸ್ಯ ಸುಲಭವಾದ್ದು. ಜೇನು ಬಣ್ಣದ ಗಾಜು ಬಿಳಿ ಬೆಳಕಿನಲ್ಲಿರುವ ನೀಲಿಯನ್ನು ತಡೆದು ಹಳದಿ, ಕಿತ್ತಳೆ, ಕೆಂಪನ್ನು ಮಾತ್ರ ಬಿಡುತ್ತದೆ. ನೀಲಿ ಪಾನೀಯ ಇದರ ತಿರುಗಾಮುರುಗಾ: ಕೆಂಪನ್ನು ತಡೆದು ನೀಲಿಯನ್ನೂ ಸ್ವಲ್ಪ ಹಸಿರನ್ನೂ ಬಿಡುತ್ತದೆ. ಎರಡನ್ನೂ ದಾಟಿ ನಿಮ್ಮ ಕಣ್ಣಿಗೆ ಬರುವುದು ಅಳಿದುಳಿದ ಮಂಕು ಹಸಿರು. ಅದರ ಮೇಲೆ ಅನಾನಸ್ ರಸದ ಮಬ್ಬು ಬೇರೆ. ಅದೇ ಪಾನೀಯವನ್ನು ಬಣ್ಣವಿಲ್ಲದ ಗ್ಲಾಸಿಗೆ ಸುರಿದಿದ್ದರೆ ಚೆನ್ನಾಗಿಯೇ ಕಾಣುತ್ತಿತ್ತು. ಈ ಗಾಜಿನೊಳಗೆ ಬೆಳಗುವುದು ಎರಡೇ, ಪೀಪಾಯಿಯಲ್ಲಿ ಮಾಗಿದ ಮದ್ಯದ ಹೊಂಬಣ್ಣ ಮತ್ತು ಕೆಂಪು. ಎರಡೂ ತಿಳಿಯಾಗಿರಬೇಕು. ಮಬ್ಬು ದ್ರವ ಬೆಳಕನ್ನು ಚೆದುರಿಸಿ ಗಾಜನ್ನು ಗೋಡೆಯ ಹಾಗೆ ಮಾಡಿಬಿಡುತ್ತದೆ. ನಿಂಬೆರಸ, ಹಣ್ಣಿನ ರಸ, ಕೆನೆ, ಮೊಟ್ಟೆಯ ಬಿಳಿ ಎಲ್ಲ ಹೊರಗೆ ಹೋದವು. ರಸವಿಲ್ಲದಿದ್ದರೆ ಶೇಕರ್ ಬೇಕಿಲ್ಲ. ಕಲಕಿ ಮಾಡುವ ಪಾನೀಯವೇ ಆಗಬೇಕು ಎಂಬುದನ್ನು ಗಾಜಿನ ಬಣ್ಣವೇ ಹೇಳಿಬಿಟ್ಟಿತು.

ಅಳತೆಯೂ ಅದನ್ನೇ ಹೇಳುತ್ತದೆ. ಅಂಚಿನವರೆಗೆ 140 ಮಿ.ಲೀ. ಎಂದರೆ ಬಡಿಸಬಹುದಾದ್ದು 115ರ ಆಸುಪಾಸು. ಬಾರ್ ಕೆಲಸದವರು ವಾಷ್ ಲೈನ್ ಎನ್ನುವುದು ಈ ಮಟ್ಟಕ್ಕೆ, ದ್ರವ ನಿಂತು ಅಂಚು ಬಿಡುವಾಗಿರುವ ಗೆರೆ. ನಿಮಗಂತೂ ಚಿನ್ನದ ಗೆರೆಯಿಂದ ದೂರ ಉಳಿಯಲು ಆ ಬಿಡುವು ಬೇಕೇಬೇಕು. 115 ಮಿ.ಲೀ.ಗೆ ಐಸ್ ಹಾಕಿ ಬಡಿಸಲಾಗದು, ಸೋಡಾ ಬೆರೆಸಿ ಉದ್ದ ಮಾಡಲಾಗದು. ಐಸಿನಿಂದ ಬೇರೆಯಾಗಿ ತಣ್ಣಗೆ ಬಂದು, ಸಣ್ಣದಾಗಿ, ಗಟ್ಟಿಯಾಗಿ ನಿಲ್ಲುವ ಪಾನೀಯಕ್ಕಷ್ಟೇ ಇಲ್ಲಿ ಜಾಗ. ಬಾಲ ಎಷ್ಟು ಹಿಡಿಯುತ್ತದೆ ಎಂದು ನೀವು ಬರೆದಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಗ್ಲಾಸಿಟ್ಟು ಸೊನ್ನೆ ಮಾಡಿ, ಬಾಲ ತುಂಬುವವರೆಗೆ ನೀರು ಬಿಡಿ. ಒಂದು ಗ್ರಾಂ ಎಂದರೆ ಒಂದು ಮಿ.ಲೀ. ನಾನು 10 ಎಂದು ಹಿಡಿದು ಮುಂದಿನ ಲೆಕ್ಕ ಹೇಳುತ್ತೇನೆ, ನೀವು ಹೊಂದಿಸಿಕೊಳ್ಳಿ.

ಮೀನಿನ ಆಕಾರ ನೋಡಿ ನೀವು ಖುಷಿಪಟ್ಟಿರಿ. ನನಗೆ ಆಸೆ ಹುಟ್ಟಿಸಿದ್ದು ಈ ಟೊಳ್ಳು ಬಾಲ. ಬೇರೆ ಗ್ಲಾಸುಗಳಲ್ಲಿ ಇಲ್ಲದ್ದು ಇದೇ. ದೊಡ್ಡ ಕೋಣೆಯ ಕೆಳಗೆ ಒಂದು ಪುಟ್ಟ ನೆಲಮಾಳಿಗೆ. ಅಲ್ಲಿ ನಿಂತ ದ್ರವ ಸುಲಭವಾಗಿ ಮೇಲಿನದರೊಂದಿಗೆ ಬೆರೆಯುವುದಿಲ್ಲ. ಒಂದೇ ಗ್ಲಾಸಿನಲ್ಲಿ ಎರಡು ರುಚಿ ಇಡಲು ಯಾರೋ ಮಾಡಿಕೊಟ್ಟ ಅನುಕೂಲ ಇದು. ನೀರು ತುಂಬಿ, ಸಿಂಕಿನ ಮೇಲೆ ನಿಧಾನಕ್ಕೆ ಬಗ್ಗಿಸಿ ನೋಡಿ. ಬಾಲದ ಕಂಠ ತೀರ ಕಿರಿದಾಗಿದ್ದರೆ ತಲೆಕೆಳಗು ಮಾಡಿದರೂ ನೀರು ಬೀಳದು, ನೀರಿನ ಮೇಲ್ಮೈಯೇ ಅದನ್ನು ಹಿಡಿದುಕೊಳ್ಳುತ್ತದೆ. ಸ್ವಲ್ಪ ಅಗಲವಿದ್ದರೆ ಗುಳುಕ್ ಎಂದು ಒಮ್ಮೆಲೇ ಬೀಳುತ್ತದೆ. ಬೂಟಿನ ಆಕಾರದ ಬಿಯರ್ ಗ್ಲಾಸಿನಲ್ಲಿ ಕುಡಿದವರಿಗೆ ಈ ಗುಳುಕ್ ಗೊತ್ತು. ಬೂಟಿನ ತುದಿ ಮೇಲ್ಮುಖವಾಗಿದ್ದರೆ ಬಿಯರ್ ಪಾದದ ತನಕ ಇಳಿದ ಕ್ಷಣ ಗಾಳಿ ಒಳನುಗ್ಗಿ, ಉಳಿದದ್ದೆಲ್ಲ ಮುಖಕ್ಕೆ ಎರಚುತ್ತದೆ. ಅನುಭವಸ್ಥರು ಅದಕ್ಕೇ ತುದಿಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿಯುತ್ತಾರೆ.

ನನಗೆ ಮೊದಲು ಹೊಳೆದದ್ದು ಬಾಲಕ್ಕೆ ದಾಳಿಂಬೆ ಸಿರಪ್. ಸಕ್ಕರೆಯ ಪಾಕ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ, ಜೇನು ಬಣ್ಣದ ಗಾಜಿನಲ್ಲಿ ಮಾಣಿಕ್ಯದ ಹಾಗೆ ಕಾಣುತ್ತದೆ, ಕೊನೆಯ ಗುಟುಕು ಸಿಹಿಯಾಗುತ್ತದೆ. ಅಂಚು ಚೆನ್ನಾಗಿದ್ದು ತುಟಿಯಿಟ್ಟು ಕುಡಿಯುವ ಗ್ಲಾಸಾಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ನಿಮಗೆ ಸ್ಟ್ರಾ ಹಾಕಿಸಿದ್ದೇನಲ್ಲ! ಸ್ಟ್ರಾದ ತುದಿ ಕೂರುವುದು ಬಾಲದಲ್ಲಿ. ಕೊನೆಗೆ ಬರಬೇಕಾದ ಸಿಹಿ ಮೊದಲ ಗುಟುಕಿಗೇ ಬಂದುಬಿಡುತ್ತದೆ. ಸಿಹಿ ತಿಂದ ನಾಲಿಗೆಗೆ ಆಮೇಲೆ ಬರುವುದೆಲ್ಲ ಒಗರು, ಒರಟು. ಗಿಡ್ಡ ಸ್ಟ್ರಾ ಹಾಕಿ ಬಾಲದಿಂದ ಮೇಲೆ ನಿಲ್ಲಿಸಬಹುದಲ್ಲ ಎಂದರೆ, ಕೈತಪ್ಪಿ ಕೆಳಗೆ ಜಾರದ ಸ್ಟ್ರಾವನ್ನು ನಾನಿನ್ನೂ ಕಂಡಿಲ್ಲ.

ಹಾಗಾದರೆ ಮೊದಲ ಗುಟುಕಿಗೆ ಏನು ಒಪ್ಪುತ್ತದೆ? ಕಹಿ. ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕುಡಿಯುವ ಇಟಲಿಯ ಕೆಂಪು ಕಹಿ ಮದ್ಯ, ಕಂಪಾರಿ ಇದೆಯಲ್ಲ, ಅದು. 1860ರಲ್ಲಿ ಹುಟ್ಟಿದ ಇದರಲ್ಲಿ ಕಹಿಯ ಹಿಂದೆ ಸಕ್ಕರೆಯೂ ಧಾರಾಳವಾಗಿದೆ, ನಾಲಿಗೆಗೆ ಗೊತ್ತಾಗುವುದಿಲ್ಲ ಅಷ್ಟೆ. ಆ ಸಕ್ಕರೆಯಿಂದಾಗಿ ಇದು ನೀರಿಗಿಂತ ಭಾರ, ಬಾಲದಲ್ಲಿ ನಿಲ್ಲುತ್ತದೆ. ಬಣ್ಣವೂ ಕೆಂಪು. ಒಂದೇ ಒಂದು ತಣ್ಣನೆಯ ಕಹಿ ಗುಟುಕು ಬಾಯಿಗೆ ಬಂದು ಹೋದಮೇಲೆ, ಮೇಲಿನ ಹೊಂಬಣ್ಣದ ಪಾನೀಯ ಇದ್ದದ್ದಕ್ಕಿಂತ ಮೃದುವಾಗಿ, ಸಿಹಿಯಾಗಿ ತೋರುತ್ತದೆ. ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ. ಕುಂದು ಎಂದುಕೊಂಡ ಸವೆದ ಗೆರೆಯೇ ದಾಳಿಂಬೆಗಿಂತ ಒಳ್ಳೆಯ ಯೋಚನೆ ಕೊಟ್ಟಿತು ಎನ್ನಬೇಕು.

ಮೇಲಿನ ಭಾಗಕ್ಕೆ ಮಾಗಿದ ರಮ್ ಮತ್ತು ಒಣ ಶೆರಿ, ಅಂದರೆ ಸಿಹಿಯಿಲ್ಲದ, ಮದ್ಯಸಾರ ಸೇರಿಸಿ ಬಲಪಡಿಸಿದ ಸ್ಪೇನಿನ ವೈನ್. ವಿಸ್ಕಿಯೂ ಆದೀತು, ಆದರೆ ಕಂಪಾರಿಯ ಕಿತ್ತಳೆ ಸಿಪ್ಪೆಯಂಥ ಕಹಿಯ ಬೆನ್ನಿಗೆ ರಮ್ಮಿನ ಬೆಲ್ಲದ ವಾಸನೆ ಹೊಂದಿದಂತೆ ವಿಸ್ಕಿಯ ಮರದ ಖಾರ ಹೊಂದುವುದಿಲ್ಲ. ಶೆರಿ ಯಾಕೆಂದರೆ ರಮ್ ಒಂದನ್ನೇ 75 ಮಿ.ಲೀ. ಸುರಿದರೆ ಗ್ಲಾಸು ಸಣ್ಣದಾದರೂ ತಲೆ ದೊಡ್ಡದಾಗುತ್ತದೆ. ಶೇ. 15ರಿಂದ 17ರಷ್ಟು ಆಲ್ಕೋಹಾಲ್ ಇರುವ ಶೆರಿ ಅದನ್ನು ಇಳಿಸುತ್ತದೆ, ಜೊತೆಗೆ ಬಾದಾಮಿಯಂಥ, ಸ್ವಲ್ಪ ಉಪ್ಪುಪ್ಪಾದ ಒಣ ರುಚಿ ತರುತ್ತದೆ. ಮೀನಿನ ಸಮುದ್ರ ನಿಮಗೆ ಬೇಕೇ ಬೇಕಿದ್ದರೆ ಅದು ಇಲ್ಲಿದೆ, ಬಣ್ಣದಲ್ಲಲ್ಲ, ಉಪ್ಪಿನಲ್ಲಿ. 80 ಗ್ರಾಂ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಪುಟ್ಟ ಸೀಸೆಯಲ್ಲಿಡಿ. ಮೂರು ಹನಿ ಸಾಕು. ಉಪ್ಪು ಬಿದ್ದಿದೆ ಎಂದು ಗೊತ್ತಾಗಬಾರದು; ಇಲ್ಲದಿದ್ದಾಗ ಏನೋ ಕಡಿಮೆ ಅನ್ನಿಸಬೇಕು.

ಸರಿ, ಲೆಕ್ಕ. ಮಾಗಿದ ರಮ್ 40 ಮಿ.ಲೀ., ಒಣ ಶೆರಿ 25, ಜೇನಿನ ಸಿರಪ್ 8 (ಎರಡು ಪಾಲು ಜೇನಿಗೆ ಒಂದು ಪಾಲು ನೀರು), ಕಿತ್ತಳೆ ಬಿಟರ್ಸ್ (ಹನಿಗಟ್ಟಲೆ ಮಾತ್ರ ಬಳಸುವ ಗಾಢ ಕಹಿ ಸಾರ) ಎರಡು ಚಿಮುಕು, ಉಪ್ಪುನೀರು ಮೂರು ಹನಿ. ಒಟ್ಟು 75ರ ಹತ್ತಿರ. ದೊಡ್ಡ ಗ್ಲಾಸಿನಲ್ಲಿ ಗಟ್ಟಿ ಐಸ್ ತುಂಬಿ ಸುಮಾರು 30 ಸೆಕೆಂಡು ಕಲಕಿದರೆ ಐಸ್ ಕರಗಿ 105ಕ್ಕೆ ಬರುತ್ತದೆ. ಬಾಲದ 10 ಸೇರಿದರೆ 115. ಕರಗುವ ನೀರನ್ನು ಕಲಬೆರಕೆ ಎಂದುಕೊಳ್ಳಬೇಡಿ, ಅದೂ ಪಾನೀಯದ ಒಂದು ಸಾಮಗ್ರಿ. 1806ರಲ್ಲಿ ಅಮೆರಿಕದ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನು ಎಂದು ವಿವರಿಸುವಾಗ ಮದ್ಯ, ಸಕ್ಕರೆ, ಬಿಟರ್ಸ್ ಜೊತೆಗೆ ನೀರನ್ನೂ ಹೆಸರಿಸಿತ್ತು. ನಿಮ್ಮ ಮನೆಯ ಐಸ್ ಒದ್ದೆಯಾಗಿದ್ದರೆ ಬೇಗ ಕರಗುತ್ತದೆ, 20 ಸೆಕೆಂಡೇ ಸಾಕಾದೀತು. ಮೊದಲ ಸಲ ಕಲಕಿದ್ದನ್ನು ಸೋಸಿ ಅಳೆದುಬಿಡಿ, ಆಮೇಲೆ ಅಂದಾಜು ಬೇಕಾಗುವುದಿಲ್ಲ.

ಸುರಿಯುವ ಮುಂಚೆ ಗ್ಲಾಸು ತಣ್ಣಗಿರಬೇಕು. ಇದನ್ನು ಎಲ್ಲರೂ ಹೇಳುತ್ತಾರೆ, ಎಷ್ಟು ಮುಖ್ಯ ಎಂದು ಯಾರೂ ಹೇಳುವುದಿಲ್ಲ. ಗ್ಲಾಸು 200 ಗ್ರಾಂ ತೂಗುತ್ತದೆ, 25 ಡಿಗ್ರಿಯಲ್ಲಿದೆ ಎನ್ನಿ. ಕಲಕಿದ ಪಾನೀಯ ಮೈನಸ್ 3 ಡಿಗ್ರಿ, 115 ಮಿ.ಲೀ. ಗಾಜು ತೂಕಕ್ಕೆ ತೂಕ ನೀರಿನ ಐದನೇ ಒಂದರಷ್ಟು ಶಾಖ ಹಿಡಿಯುತ್ತದೆ. ಎರಡೂ ಒಂದೇ ಉಷ್ಣಕ್ಕೆ ಬಂದಾಗ ಪಾನೀಯ 4 ಡಿಗ್ರಿ ದಾಟಿರುತ್ತದೆ. ಮೊದಲ ಗುಟುಕಿಗೂ ಮುಂಚೆ ಏಳು ಡಿಗ್ರಿ ಹೋಯಿತು! ಅದೇ ಗ್ಲಾಸನ್ನು ಒಂದು ಗಂಟೆ ಫ್ರಿಜ್ಜಿನಲ್ಲಿ, ಅಂದರೆ 4 ಡಿಗ್ರಿಯಲ್ಲಿ ಇಟ್ಟಿದ್ದರೆ ಪಾನೀಯ ಮೈನಸ್ 1ರಲ್ಲಿ ನಿಲ್ಲುತ್ತದೆ. ಹಾಗಾಗಿ ಫ್ರೀಜರ್ ಬೇಕಿಲ್ಲ. ಎಷ್ಟು ವರ್ಷದ್ದೋ ಗೊತ್ತಿಲ್ಲದ ಗಾಜನ್ನು ಮೈನಸ್ 18ಕ್ಕೆ ತಳ್ಳುವ ಧೈರ್ಯ ನನಗಂತೂ ಇಲ್ಲ.

ಈಗ ಜೋಡಿಸುವ ಕ್ರಮ. ಇದರಲ್ಲಿ ಹಿಂದುಮುಂದಾದರೆ ಎಲ್ಲ ಬೆರೆತು ಒಂದೇ ಬಣ್ಣವಾಗುತ್ತದೆ. ಸ್ಟ್ರಾ ಗಾಜಿನದಾಗಿರಲಿ, ತೆಳುವಾದದ್ದು. ಉದ್ದ ಮೀನಿನ ಬಾಯಿಯಿಂದ ನಾಲ್ಕು ಸೆಂಟಿಮೀಟರ್ ಹೊರಗೆ ಬರುವಷ್ಟೇ. ಅದಕ್ಕಿಂತ ಉದ್ದವಾದರೆ ಮೂಗು ಪಾನೀಯದಿಂದ ದೂರವಾಗಿ ಅರ್ಧ ರುಚಿ ಗಾಳಿಗೆ ಹೋಗುತ್ತದೆ. ಸ್ಟ್ರಾವನ್ನು ಮೊದಲೇ ಬಾಲಕ್ಕಿಳಿಸಿ, ಕೊನೆಗೆ ತುರುಕಿದರೆ ಕೆಂಪು ಕದಡುತ್ತದೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನಲ್ಲೋ ಡ್ರಾಪರಿನಲ್ಲೋ ತಣ್ಣನೆಯ ಕಂಪಾರಿ 10 ಮಿ.ಲೀ. ಬಾಲಕ್ಕೆ ಬಿಡಿ. ಬಾಟಲಿಯಿಂದ ನೇರ ಸುರಿದರೆ ಕಂಠದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು ಬಾಲ ಖಾಲಿಯೇ ಉಳಿಯುತ್ತದೆ. ಕಲಕಿದ ಪಾನೀಯವನ್ನು ಚಮಚದ ಬೆನ್ನಿನ ಮೇಲೆ, ಗೋಡೆಗುಂಟ, ಅವಸರವಿಲ್ಲದೆ ಇಳಿಸಿ. ಮೇಲೆ ನಿಂಬೆಯ ಸಿಪ್ಪೆ ಹಿಂಡಿ ಎಣ್ಣೆ ಚಿಮ್ಮಿಸಿ, ಸಿಪ್ಪೆಯನ್ನು ಎಸೆದುಬಿಡಿ. ಮೀನಿನ ಬಾಯಿಯಲ್ಲಿ ಸಿಪ್ಪೆಯ ಕೊಂಡಿ, ಚೆರ್ರಿ, ಕೊಡೆ ಏನೂ ಬೇಡ. ಇಂಥ ಗ್ಲಾಸು ಆಗಲೇ ಬೇಕಾದಷ್ಟು ಮಾತಾಡುತ್ತಿದೆ.

ಪಾನೀಯ ಏರುತ್ತಿದ್ದ ಹಾಗೆ ಸ್ಟ್ರಾದ ಮೇಲೆ ಕಣ್ಣಿಡಿ. ಮೇಲಿನ ದ್ರವದ ಭಾರಕ್ಕೆ ಬಾಲದಲ್ಲಿದ್ದ ಕೆಂಪು ಸ್ಟ್ರಾದೊಳಗೆ ತಾನಾಗಿ ಮೇಲೇರುತ್ತದೆ, ಹೊರಗಿನ ಮಟ್ಟಕ್ಕೆ ಕೊಂಚ ಕಡಿಮೆಯಷ್ಟು. ನಾಲ್ಕು ಮಿಲಿಮೀಟರ್ ಒಳಬಾಯಿಯ ಸ್ಟ್ರಾ ಆದರೆ ಇದಕ್ಕೆ ಬೇಕಾಗುವುದು ಒಂದು ಮಿ.ಲೀ. ಮಾತ್ರ. ಹೊಂಬಣ್ಣದ ಮೈಯ ನಡುವೆ ಬಾಲದಿಂದ ಬಾಯಿಯವರೆಗೆ ಒಂದು ಕೆಂಪು ಗೆರೆ, ಬೆನ್ನುಮೂಳೆಯ ಹಾಗೆ. ನೀಲಿ ಕ್ಯುರಸಾವೊ ಹಾಕಿ ನೀವು ಹುಡುಕುತ್ತಿದ್ದ ಮೀನು ಇದೇ ಇರಬೇಕು. ಸ್ಟೀಲಿನ ಸ್ಟ್ರಾದಲ್ಲಿ ಇದು ಕಾಣದು, ಕಾಗದದ್ದು ನೆನೆದು ಬಣ್ಣ ಕುಡಿಯುತ್ತದೆ.

ರುಚಿ ನೋಡಿ ತಿದ್ದಿಕೊಳ್ಳುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಕಹಿ ಜಾಸ್ತಿಯೆನಿಸಿದರೆ ಕಂಪಾರಿ ಕಡಿಮೆ ಮಾಡಲು ಹೋಗಬೇಡಿ, ಬಾಲ ಅರ್ಧ ತುಂಬಿದರೆ ಮೇಲಿನದು ಇಳಿದು ಬೆರೆಯುತ್ತದೆ. ಅದರ ಬದಲು 7 ಮಿ.ಲೀ. ಕಂಪಾರಿಗೆ 3 ಮಿ.ಲೀ. ಜೇನಿನ ಸಿರಪ್ ಬೆರೆಸಿ, ಇನ್ನಷ್ಟು ಭಾರವಾಗಿ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಮೇಲಿನದು ತೆಳು ಎನ್ನಿಸಿದರೆ ಶೆರಿಯಿಂದ 5 ಮಿ.ಲೀ. ತೆಗೆದು ರಮ್ಮಿಗೆ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಈಗಿರುವ ಅಳತೆಯಲ್ಲೇ ಇದರಲ್ಲಿ ಸುಮಾರು 22 ಮಿ.ಲೀ. ಶುದ್ಧ ಆಲ್ಕೋಹಾಲ್ ಇದೆ. ನೋಡಲು ಆಟಿಕೆಯ ಹಾಗಿದ್ದರೂ ಒಂದು ಸಂಜೆಗೆ ಒಂದು ಸಾಕು.

ಮದ್ಯ ಬೇಡದವರಿಗೆ ಇದೇ ಗ್ಲಾಸಿನಲ್ಲಿ ಕಪ್ಪು ಚಹಾ ಸೊಗಸಾಗುತ್ತದೆ. ಬಿಸಿನೀರಿನಲ್ಲಿ ಕುದಿಸಿ ತಣಿಸಿದ ಚಹಾ ಫ್ರಿಜ್ಜಿನಲ್ಲಿ ಮಬ್ಬುಗಟ್ಟುತ್ತದೆ, ಒಗರಿನ ಅಂಶವೂ ಕೆಫೀನೂ ಕೂಡಿ ಮಾಡುವ ಕೆಲಸ ಅದು. ಅದಕ್ಕೆ ಎಲೆಯನ್ನು ತಣ್ಣೀರಿನಲ್ಲೇ ಏಳೆಂಟು ಗಂಟೆ ನೆನೆಸಿ ಸೋಸಿ, ತಿಳಿಯಾಗಿರುತ್ತದೆ. 95 ಮಿ.ಲೀ. ಚಹಾ, 8 ಮಿ.ಲೀ. ಜೇನಿನ ಸಿರಪ್, ಅದೇ ಮೂರು ಹನಿ ಉಪ್ಪುನೀರು. ಬಾಲಕ್ಕೆ ಆಲ್ಕೋಹಾಲ್ ಇಲ್ಲದ ಕೆಂಪು ಕಹಿ ಸಿರಪ್ ಸಿಕ್ಕರೆ ಅದು. ಸಿಗದಿದ್ದರೆ ದಾಳಿಂಬೆ ಸಿರಪ್ಪಿಗೆ ಕಿತ್ತಳೆ ಸಿಪ್ಪೆಯ ಬಿಳಿ ಭಾಗವನ್ನೂ ಸೇರಿಸಿ ಒಂದು ದಿನ ನೆನೆಸಿಡಿ, ಬೇಕಾದಷ್ಟು ಕಹಿ ಬಿಡುತ್ತದೆ.

ಹೆಸರು ನೀವು ಕೇಳಿಲ್ಲ, ಆದರೂ ಬರೆಯುತ್ತ ಬರೆಯುತ್ತ ನಾನಿದನ್ನು ‘ಕೆಂಬಾಲ’ ಎಂದೇ ಕರೆಯತೊಡಗಿದ್ದೇನೆ. ಕುಡಿದು ಮುಗಿದ ಕೂಡಲೇ, ಹರಟೆ ನಿಲ್ಲಿಸಿಯಾದರೂ ಸರಿ, ಬಾಲಕ್ಕೆ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಎರಡು ಸಲ ಚಿಮ್ಮಿಸಿ. ಸಕ್ಕರೆ ಅಲ್ಲಿ ಒಣಗಿತೆಂದರೆ ಮರುದಿನ ಮತ್ತೆ ಅಕ್ಕಿಯ ಡಬ್ಬಿ ತೆಗೆಯಬೇಕಾಗುತ್ತದೆ.